ಬೆಕ್ಕು ಸೋಫಾ ಹತ್ತೋದು ಯಾಕೆ?

ಮದುಕ್ಕರೈ ಸಿಮೆಂಟಿಗೆ ಹೆಸರುವಾಸಿ. ಮನೆ ಬೆಕ್ಕಿಗೆ ಮಾತ್ರ ಸಿಮೆಂಟು ನೆಲ ಬೇಡ, ಸೋಫಾನೇ ಬೇಕು! (ಸುಡುಬಿಸಿಲಿನ ಮಧ್ಯಾಹ್ನ ಬೇರೆ ಮಾತು.) ಅದರ ಮೈಬಿಸಿ ಸುಮಾರು 38–39 ಡಿಗ್ರಿ ಸೆಲ್ಸಿಯಸ್. ಸುತ್ತಲ ಗಾಳಿ 30 ಡಿಗ್ರಿಗಿಂತ ತಂಪಾದರೆ, ಆ ಬಿಸಿ ಕಾಯ್ದುಕೊಳ್ಳಲು ದೇಹ ಹೆಚ್ಚು ಶಕ್ತಿ ಖರ್ಚು ಮಾಡಬೇಕು. ಸಿಮೆಂಟು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಮೆತ್ತೆಯೊಳಗೆ ಸಿಕ್ಕಿಕೊಂಡ ಗಾಳಿ ಅದನ್ನು ತಡೆಯುತ್ತದೆ.

ಆದರೂ ಇಳಿಸಬೇಕು, ಮಕ್ಕಳೇ. ಚಿಗಟದ ಮೊಟ್ಟೆಗಳು ಬೆಕ್ಕಿನ ರೋಮಕ್ಕೆ ಅಂಟಿಕೊಳ್ಳದೆ ಅದು ಮಲಗಿದಲ್ಲೇ ಉದುರುತ್ತವೆ. ಅಲ್ಲೇ ಬೆಳೆದ ಚಿಗಟ ನಮ್ಮನ್ನೂ ಕಚ್ಚುತ್ತದೆ.

ಹೊಡೆದರೆ ನೀವಿಲ್ಲದಾಗ ಹತ್ತುತ್ತೆ, ಅಷ್ಟೆ. ಅದರ ಬದಲು ತುಸು ಎತ್ತರದಲ್ಲಿ ರಟ್ಟಿನ ಪೆಟ್ಟಿಗೆಯಿಟ್ಟು, ಅದು ಮಲಗಿದ್ದ ಬಟ್ಟೆಯನ್ನೇ ಹಾಸಿ; ತನ್ನ ವಾಸನೆಯಿದ್ದ ಜಾಗ ಅದಕ್ಕೆ ಇಷ್ಟ. ಬಟ್ಟೆಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ಎಷ್ಟನೇ ದಿನ ಜಾಗ ಬದಲಿಸಿತು, ಬರೆದಿಡಿ.