ಮಳೆಗಾಲಕ್ಕೆ ಮುನ್ನ ಮನೆಯ ಒಲೆ



ರೋಹಿಣಿ ಮಳೆಗೆ ಮುನ್ನ ಮಾಡಬೇಕಾದ ಕೆಲಸಗಳು ನಮಗೆಲ್ಲರಿಗೂ ಬಾಯಿಪಾಠವಾಗಿವೆ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಸುಣ್ಣ ತಂದಿಡುತ್ತೇವೆ. ಅಡಿಕೆ ತೋಟದ ಬಸಿಗಾಲುವೆಯ ಹೂಳು ತೆಗೆಸುತ್ತೇವೆ. ಕಾಫಿ ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸುತ್ತೇವೆ. ಒಡೆದ ಹೆಂಚು ಬದಲಾಯಿಸುತ್ತೇವೆ. ಆದರೆ ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದೆ ಉರಿಯುವ ಬಚ್ಚಲ ಒಲೆಯನ್ನು ಬಗ್ಗಿ ನೋಡುವವರು ನಮ್ಮಲ್ಲಿ ಎಷ್ಟು ಮಂದಿ? ಅಡಿಗೆಮನೆಗೆ ಗ್ಯಾಸ್ ಬಂದರೂ ಮಲೆನಾಡಿನ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಆರಿಲ್ಲ. ಆದ್ದರಿಂದ ಈ ಸಲದ ಪಾಠವನ್ನು ಒಲೆಗೆ ಮೀಸಲಿಟ್ಟಿದ್ದೇವೆ.

ಇದನ್ನು ಬರೆಯಲು ನಮ್ಮ ಮನೆಯಲ್ಲೇ ನಡೆದ ಸಂಗತಿಯೊಂದು ಕಾರಣ. ಕೆಲವು ವರ್ಷಗಳ ಹಿಂದೆ ಮಗಳು ಬಾಣಂತನಕ್ಕೆ ಬಂದಿದ್ದಳು. ಆಷಾಢದ ಗಾಳಿಮಳೆ. ಬಾಣಂತಿ ಕೋಣೆ ಬೆಚ್ಚಗಿರಲೆಂದು ಬಚ್ಚಲ ಒಲೆಯಿಂದ ಒಂದು ಬಾಣಲೆ ಕೆಂಡ ತಂದಿಟ್ಟು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೂ ಬಟ್ಟೆ ತುರುಕಿದೆವು. ಹಿಂದಿನಿಂದ ನಡೆದುಬಂದ ಪದ್ಧತಿ. ಯಾರಿಗೂ ಅನುಮಾನ ಬರಲಿಲ್ಲ. ರಾತ್ರಿ ಮಗಳು ತಲೆನೋವು ಎಂದಳು. ನಿದ್ದೆಗೆಟ್ಟಿದ್ದಕ್ಕೆ ಇರಬೇಕು ಎಂದು ಸಮಾಧಾನ ಹೇಳಿದೆವು. ಎರಡು ಗಂಟೆಯ ಹೊತ್ತಿಗೆ ನಮ್ಮ ಮನೆಯವರು ಕೂಸನ್ನು ನೋಡಲು ಹೋದಾಗ ಮಗಳಿಗೆ ಏಳಲು ಆಗಲಿಲ್ಲ, ಮಾತು ತೊದಲುತ್ತಿತ್ತು. ಕೂಸು ಅಳುತ್ತಲೂ ಇರಲಿಲ್ಲ. ಇಬ್ಬರನ್ನೂ ಜಗಲಿಗೆ ಎತ್ತಿ ತಂದು, ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಕೋಣೆಯಲ್ಲಿ ಕೆಂಡ ಇಟ್ಟಿದ್ದಿರಾ?” ಆಮ್ಲಜನಕ ಕೊಟ್ಟ ಮೇಲೆ ಇಬ್ಬರೂ ಚೇತರಿಸಿಕೊಂಡರು. ಆ ಕೂಸು ಈಗ ಶಾಲೆಗೆ ಹೋಗುತ್ತಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ನಮಗೆ ಆ ಅನಿಲದ ಹೆಸರು ಗೊತ್ತಿತ್ತು. ಮನೆಯ ಬಾಣಲೆಯಲ್ಲಿ ಅದು ಇದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಕೆಂಡದ ವಿಷ

ಸೌದೆಗೆ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಣ್ಣು ಉರಿಸಿ ನಮ್ಮನ್ನು ಎಚ್ಚರಿಸುತ್ತದೆ. ಹೊಗೆಯಿಲ್ಲದ ನಿಗಿನಿಗಿ ಕೆಂಡ ಎಚ್ಚರಿಸುವುದಿಲ್ಲ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹೀಗಾಗಿ ಉಸಿರಾಡುತ್ತಿದ್ದರೂ ಮೈಗೆ ಆಮ್ಲಜನಕ ದಕ್ಕುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು, ಮಂಪರು ಇದರ ಲಕ್ಷಣಗಳು. ಮಲಗಿದವರಿಗೆ ಇವು ತಿಳಿಯುವುದೇ ಇಲ್ಲ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು ಬಂದರೆ ಜ್ವರವೆಂದು ಭಾವಿಸದೆ ಮೊದಲು ಹೊರಗೆ ಬರಬೇಕು.

ಮಲಗುವ ಕೋಣೆಯಲ್ಲಿ ಕೆಂಡ, ಇದ್ದಿಲು, ಅಗ್ಗಿಷ್ಟಿಕೆ ಇಡಲೇಬಾರದು. ಕಿಟಕಿ ಒಂದಿಷ್ಟು ತೆರೆದಿದೆ ಎಂಬ ಧೈರ್ಯ ಸಾಲದು. ಬಾಣಂತಿಗೂ ಕೂಸಿಗೂ ಕಂಬಳಿ, ಒಣಗಿದ ಬಟ್ಟೆ, ಒಬ್ಬರಿಗೊಬ್ಬರ ಮೈಯ ಕಾವು ಸಾಕು. ಸಾಂಬ್ರಾಣಿ ಹಾಕುವುದಿದ್ದರೆ ಬಾಗಿಲು ತೆರೆದಿಟ್ಟು ಹಾಕಿ, ಕೂಡಲೇ ಕೆಂಡವನ್ನು ಅಂಗಳಕ್ಕೆ ಒಯ್ಯಿರಿ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿಸಿಕೊಂಡವರಿಗೂ ಇದೇ ಅಪಾಯವಿದೆ. ಅದನ್ನು ಗಾಳಿಯಾಡುವ ಹೊರಜಾಗದಲ್ಲಿ ಕೂರಿಸುವುದು ಕ್ಷೇಮ.

ಹೊಗೆಕೊಳವೆ

ಒಲೆಗೆ ಎರಡು ದಾರಿ ಬೇಕು: ಗಾಳಿ ಒಳಬರಲು ಒಂದು, ಹೊಗೆ ಹೊರಹೋಗಲು ಇನ್ನೊಂದು. ಬಚ್ಚಲಿನ ಹೊರಗೋಡೆಗೆ ಒಲೆಯ ಬಾಯಿ ಇಟ್ಟ ಹಿರಿಯರ ಕ್ರಮ ಬಹಳ ಸರಿಯಾದದ್ದು. ಮೀಯುವವರ ಗಾಳಿಯನ್ನು ಬೆಂಕಿ ಕುಡಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಘಟಕದವರು ರೂಪಿಸಿದ ಒಲೆಯಲ್ಲೂ ಗಾಳಿಗೆ ಕೆಳಗಿನ ಜಾಲರಿ, ಹೊಗೆಗೆ ಕೊಳವೆ ಎಂಬ ಇವೇ ಎರಡು ದಾರಿಗಳನ್ನು ಸರಿಯಾಗಿ ಇಟ್ಟಿದ್ದಾರೆ. ಆದರೆ ಎಂತಹ ಒಲೆಯಾದರೂ ಕೊಳವೆ ಕಟ್ಟಿಕೊಂಡರೆ ಕೆಲಸ ಮಾಡುವುದಿಲ್ಲ.

ಹಸಿ ಸೌದೆಯ ಹೊಗೆ ತಣ್ಣನೆಯ ಕೊಳವೆಗೆ ತಾಗಿದಾಗ ಟಾರಿನಂತಹ ಕಪ್ಪು ಕಿಟ್ಟವಾಗಿ ಒಳಮೈಗೆ ಹಿಡಿಯುತ್ತದೆ. ಈ ಕಿಟ್ಟವೇ ಹೊತ್ತಿ ಉರಿಯುವ ವಸ್ತು. ಅದು 3 ಮಿಲಿಮೀಟರ್ ದಪ್ಪವಾಯಿತೆಂದರೆ ಉಜ್ಜಿ ತೆಗೆಯಲೇಬೇಕು. ಮಳೆಗೆ ಮುನ್ನ ಒಮ್ಮೆ, ಮಳೆಗಾಲದ ನಡುವೆ ಒಮ್ಮೆ ನೋಡುವುದು ಒಳ್ಳೆಯದು. ಒಲೆ ಪೂರ್ತಿ ತಣ್ಣಗಾದ ಮೇಲೆ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಉದ್ದನೆಯ ಬಿದಿರಿನ ತುದಿಗೆ ತಂತಿ ಕುಂಚ ಕಟ್ಟಿ ಮೇಲಿನಿಂದ ಉಜ್ಜಬೇಕು. ಕೆಳಗೆ ಬಿದ್ದ ಮಸಿಯನ್ನು ಪೂರ್ತಿ ತೆಗೆಯಬೇಕು. ಬಿರುಕು, ತುಕ್ಕು, ಸಡಿಲವಾದ ಜೋಡಣೆ, ಒಳಗೆ ಕಟ್ಟಿದ ಹಕ್ಕಿಗೂಡು ಇವೆಯೇ ಎಂದು ಅದೇ ಸಮಯದಲ್ಲಿ ನೋಡಬಹುದು.

ಕೊಳವೆ ಮಾಡು ದಾಟುವ ಜಾಗದಿಂದ ಕನಿಷ್ಠ 3 ಅಡಿ ಎತ್ತರವಿರಲಿ. 10 ಅಡಿ ಸುತ್ತಳತೆಯಲ್ಲಿರುವ ಮಾಡಿನ ಯಾವ ಭಾಗಕ್ಕಿಂತಲೂ 2 ಅಡಿ ಮೇಲಿರಲಿ. ಇಲ್ಲದಿದ್ದರೆ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ತೆಳು ತಗಡಿನ ಕೊಳವೆಗೂ ಪಕಾಸಿ, ರೀಪುಗಳಿಗೂ ನಡುವೆ ಒಂದೂವರೆ ಅಡಿ ಅಂತರ ಬೇಕು. ಕೆಲಸ ಮುಗಿದ ಮೇಲೆ ಒಲೆಯ ಬಾಯಲ್ಲಿ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಕ್ಕೆ ಎಳೆದುಕೊಂಡರೆ ದಾರಿ ತೆರೆದಿದೆ ಎಂದರ್ಥ. ನಿಮ್ಮ ಮುಖಕ್ಕೆ ಬಂದರೆ ಎಲ್ಲೋ ತಡೆಯಿದೆ.

ಸೌದೆ

ಈಗ ಕಡಿದ ನೆರಳಿನ ಮರದ ಕೊಂಬೆ ಈ ಮಳೆಗಾಲದ ಸೌದೆಯಲ್ಲ, ಮುಂದಿನ ಮಳೆಗಾಲದ್ದು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಒಣಗಿದ ಸೌದೆಯಲ್ಲಿ ಅದು ನೂರಕ್ಕೆ 20ಕ್ಕಿಂತ ಕಡಿಮೆಯಾಗುತ್ತದೆ. ಸೀಳಿ, ನೆಲದಿಂದ ಎತ್ತರಿಸಿ, ಮಾಡಿನಡಿ ಗಾಳಿಯಾಡುವಂತೆ ಒಟ್ಟಬೇಕು. ಒಣಗಿದ ಎರಡು ಸೀಳನ್ನು ಒಂದಕ್ಕೊಂದು ಬಡಿದರೆ ಠಣ್ಣೆನ್ನುತ್ತದೆ; ಹಸಿಯದು ಮಂಕಾಗಿ ಸದ್ದು ಮಾಡುತ್ತದೆ. ಬಣ್ಣ ಬಳಿದ ಹಲಗೆ, ಪ್ಲಾಸ್ಟಿಕ್, ಗೊಬ್ಬರದ ಖಾಲಿ ಚೀಲ ಒಲೆಗೆ ಬೇಡ. ಉರಿ ಹತ್ತಲಿಲ್ಲವೆಂದು ಸೀಮೆಎಣ್ಣೆ ಸುರಿಯುವ ದುರಭ್ಯಾಸವನ್ನು ಮನೆಯ ಮಕ್ಕಳ ಎದುರಿಗಂತೂ ಮಾಡಬಾರದು.

ಒಲೆಯ ಸುತ್ತಮುತ್ತ ಮತ್ತು ಬೂದಿ

ಒಣ ಸೋಗೆ, ಹಾಳೆ, ಅಡಿಕೆ ಸಿಪ್ಪೆ, ಗೋಣಿಚೀಲ, ಒಣಹಾಕಿದ ಬಟ್ಟೆ ಒಲೆಯ ಬಾಯಿಂದ ಕನಿಷ್ಠ 3 ಅಡಿ ದೂರವಿರಲಿ. ಒಲೆಯ ಮೇಲೆ ಅಟ್ಟವಿದ್ದರೆ ಅಲ್ಲಿ ಜೋತುಬಿದ್ದ ಇಲ್ಲಣವನ್ನು ಗುಡಿಸಿ ತೆಗೆಯಿರಿ. ಒಂದು ಕಿಡಿ ಇಲ್ಲಣಕ್ಕೆ ತಾಗಿದರೆ ಅಟ್ಟದಲ್ಲಿರುವ ವರ್ಷದ ಅಡಿಕೆಗೂ ತಾಗಿದಂತೆಯೇ. ರಾತ್ರಿ ಮಲಗುವ ಮುನ್ನ ಒಲೆಯಿಂದ ಹೊರಚಾಚಿದ ಕೊಳ್ಳಿಗಳನ್ನು ಎಳೆದು ಆರಿಸಬೇಕು.

ಬೂದಿಯೊಳಗೆ ಕೆಂಡ ಮೂರು ನಾಲ್ಕು ದಿನ ಜೀವ ಹಿಡಿದಿರಬಲ್ಲದು. ಬೂದಿಯನ್ನು ಗೋಣಿಗೆ, ಪ್ಲಾಸ್ಟಿಕ್ ಬುಟ್ಟಿಗೆ ತುಂಬದೆ, ಮುಚ್ಚಳವಿರುವ ಕಬ್ಬಿಣದ ಡಬ್ಬಿಗೆ ಹಾಕಿ ಅಂಗಳದಲ್ಲಿಡಿ. ತಣಿದ ಸೌದೆ ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶವಿರುವುದರಿಂದ ಅದು ತೋಟಕ್ಕೆ ಸಲ್ಲುತ್ತದೆ. ಯೂರಿಯಾದ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಗಾಳಿಪಾಲಾಗುತ್ತದೆ.

ಅವಘಡವಾದರೆ

ಕೊಳವೆಯಿಂದ ಭೋರೆಂಬ ಸದ್ದು, ತುದಿಯಿಂದ ಕಿಡಿ ಬಂದರೆ ಒಳಗಿನ ಕಿಟ್ಟಕ್ಕೆ ಬೆಂಕಿ ಹತ್ತಿದೆ ಎಂದು ತಿಳಿಯಿರಿ. ಮನೆಯವರನ್ನು ಹೊರಗೆ ಕಳಿಸಿ 112ಕ್ಕೆ ಕರೆ ಮಾಡಿ. ಕೈಗೆಟುಕಿದರೆ ತಗಡಿನಿಂದ ಒಲೆಯ ಬಾಯಿ ಮುಚ್ಚಿ ಗಾಳಿ ತಡೆಯಿರಿ. ಕಾದ ಕೊಳವೆಗೆ ನೀರು ಸುರಿದರೆ ಅದು ಸಿಡಿದು ಬಿರುಕು ಬಿಡುತ್ತದೆ. ಕೆಂಡದ ಗಾಳಿಯಿಂದ ಯಾರಾದರೂ ಮಂಪರಾಗಿದ್ದರೆ ಬಾಗಿಲು ತೆರೆದು, ಅವರನ್ನು ಬಯಲಿಗೆ ತಂದು, 108ಕ್ಕೆ ತಿಳಿಸಿ. ಎಚ್ಚರವಾದರೂ ಆಸ್ಪತ್ರೆಗೆ ಒಯ್ಯುವುದನ್ನು ತಪ್ಪಿಸಬಾರದು.

ಕೊನೆಯದಾಗಿ ಒಂದು ವಿನಂತಿ. ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಅಡಿಗೆ, ಅದೇ ಕೋಣೆಯಲ್ಲಿ ನಿದ್ದೆ. ಮಳೆಯಲ್ಲಿ ನೆನೆದು ಬಂದವರು ಬಾಗಿಲು ಮುಚ್ಚಿ ಕೆಂಡದ ಹತ್ತಿರ ಮಲಗಿದರೆ ತಪ್ಪು ಅವರದಷ್ಟೇ ಅಲ್ಲ. ಹೊಗೆಕೊಳವೆ ಹಾಕಿಸುವುದು, ಕಂಬಳಿ ಕೊಡಿಸುವುದು, ಕೆಂಡದ ವಿಷಯವನ್ನು ಅವರ ಭಾಷೆಯಲ್ಲಿ ತಿಳಿಸಿ ಹೇಳುವುದು ಮಾಲೀಕರಾದ ನಮ್ಮ ಹೊಣೆ. ಕೊಳವೆ ಉಜ್ಜುವ ಎರಡು ತಂತಿ ಕುಂಚಗಳನ್ನು ಸಂಘದ ಗೋದಾಮಿನಲ್ಲಿ ಇಟ್ಟಿದ್ದೇವೆ. ಬಾಡಿಗೆಯಿಲ್ಲ, ಎರಡು ದಿನದಲ್ಲಿ ಹಿಂದಿರುಗಿಸಿದರೆ ಸಾಕು. ಮೊದಲು ಲೈನ್ ಮನೆಯ ಕೊಳವೆ ಉಜ್ಜಿಸಿ, ಆಮೇಲೆ ನಿಮ್ಮದನ್ನು ಉಜ್ಜಿಸಿಕೊಳ್ಳಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ