ಕಾಕ್ಲಿಯರ್ ಇಂಪ್ಲಾಂಟ್ ಅಳವಡಿಕೆಯ ನಂತರ: ನಿತ್ಯದ ಧ್ವನಿ ಮತ್ತು ಸಂಗೀತದ ಕಲಿಕೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)

ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮಗುವಾಗಲಿ ವಯಸ್ಕರಾಗಲಿ ಊರಿಗೆ ಮರಳಿದೊಡನೆ, ನೆರೆಹೊರೆಯವರು ಬೆನ್ನ ಹಿಂದಿನಿಂದ ಹೆಸರು ಹಿಡಿದು ಕೂಗಿ ಪರೀಕ್ಷಿಸುವುದುಂಟು. ತಿರುಗಿ ನೋಡದಿದ್ದರೆ 'ಆಪರೇಷನ್ ಫಲಿಸಲಿಲ್ಲ' ಎಂಬ ಮಾತು ಕೇರಿಯಲ್ಲಿ ಹಬ್ಬುತ್ತದೆ. ಮನೆಯವರು ಧೈರ್ಯಗೆಡುತ್ತಾರೆ, ಲಕ್ಷಾಂತರ ರೂಪಾಯಿಯ ಸಾಧನ ಪೆಟ್ಟಿಗೆ ಸೇರುತ್ತದೆ. ಪೆಟ್ಟಿಗೆಯಲ್ಲಿರುವ ಸಾಧನದಿಂದ ಮಿದುಳು ಏನನ್ನೂ ಕಲಿಯಲಾರದು. ಈ ಅವಸರದ ತೀರ್ಪನ್ನು ತಡೆಯಬಲ್ಲವರು ಊರಿನಲ್ಲಿ ಮಾತಿಗೆ ಬೆಲೆಯುಳ್ಳ ಮಾನ್ಯ ಸದಸ್ಯರೇ ಆಗಿರುವುದರಿಂದ ಈ ಪಾಠವನ್ನು ನೀಡಲಾಗಿದೆ.

ಕಿವಿಯ ಹಿಂದೆ ಧರಿಸುವ ಪ್ರೊಸೆಸರ್ ಹೊರಗಿನ ಧ್ವನಿಯನ್ನು ಸಂಕೇತಗಳಾಗಿ ಪರಿವರ್ತಿಸಿ ಚರ್ಮದಡಿಯ ಭಾಗಕ್ಕೆ ಕಳುಹಿಸುತ್ತದೆ. ಒಳಕಿವಿಯಲ್ಲಿ ಶಂಖದಂತೆ ಸುತ್ತಿಕೊಂಡಿರುವ ಕಾಕ್ಲಿಯದೊಳಗೆ ಇರಿಸಿದ ವಿದ್ಯುದ್ವಾರಗಳು ಶ್ರವಣ ನರವನ್ನು ನೇರವಾಗಿ ಪ್ರಚೋದಿಸುತ್ತವೆ. ಆರೋಗ್ಯವಂತ ಕಿವಿಯಲ್ಲಿ ಧ್ವನಿಯನ್ನು ಗ್ರಹಿಸಲು ಸಾವಿರಾರು ರೋಮಕೋಶಗಳಿವೆ. ಬಳಕೆಯಲ್ಲಿರುವ ಪ್ರಮುಖ ಸಾಧನಗಳಲ್ಲಿ ವಿದ್ಯುದ್ವಾರಗಳ ಸಂಖ್ಯೆ 12ರಿಂದ 22 ಮಾತ್ರ. ಮುಂದೆ ಹೇಳಲಿರುವ ತೊಡಕುಗಳಲ್ಲಿ ಅನೇಕವು ಈ ಅಂತರದಿಂದ ಹುಟ್ಟಿದವು.

ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ 2ರಿಂದ 4 ವಾರಗಳ ನಂತರ, ಪ್ರೊಸೆಸರನ್ನು ಮೊದಲ ಬಾರಿ ಚಾಲನೆಗೊಳಿಸಲಾಗುತ್ತದೆ. ಅಂದು ಮಾತು ಮಾತಾಗಿ ಕೇಳಿಸದಿರುವುದೇ ಹೆಚ್ಚು. ಕೆಲವರಿಗೆ ಬರಿಯ ಬೀಪ್ ಸದ್ದು. ಕೆಲವರಿಗೆ ಗಂಡಸರ ದನಿಯೂ ಕೀಚಲಾಗಿ ಕೇಳಿಸೀತು. ಕಿವಿ ಕೇಳುವವರು ಗಮನಿಸದೇ ಬಿಡುವ ಫ್ಯಾನಿನ ಗುಂಯ್‌ಗುಡುವಿಕೆ, ಬಳೆಗಳ ಸದ್ದು, ಕಾಗದದ ಸರಸರ, ತನ್ನದೇ ಹೆಜ್ಜೆಯ ಸಪ್ಪಳ ಎಲ್ಲವೂ ಒಟ್ಟಾಗಿ ಮುನ್ನುಗ್ಗುತ್ತವೆ. ಯಾವುದನ್ನು ಬದಿಗಿಡಬೇಕೆಂಬುದನ್ನು ಮಿದುಳು ಇನ್ನೂ ಅರಿತಿರುವುದಿಲ್ಲ. ಕುಕ್ಕರ್ ಕೂಗಿದಾಗ ಒಲೆಯ ಬಳಿ ಕರೆದೊಯ್ದು ತೋರಿಸುವುದು, ಹಂಚಿನ ಮೇಲೆ ಮಳೆ ಬಿದ್ದಾಗ ಹೊರಗೆ ನಿಲ್ಲಿಸಿ ಹೆಸರು ಹೇಳುವುದು, ಹೀಗೆ ಸದ್ದಿಗೂ ಮೂಲಕ್ಕೂ ನಂಟು ಬೆಸೆಯುವುದೇ ಮನೆಯ ತರಬೇತಿ. ಮಾತು ಬಂದ ಮೇಲೆ ಕಿವುಡಾದವರು ಹೊಸ ಸದ್ದನ್ನು ಹಳೆಯ ನೆನಪಿನೊಡನೆ ಹೊಂದಿಸಿಕೊಳ್ಳುತ್ತಾರೆ. ಹುಟ್ಟಿನಿಂದ ಕೇಳದ ಮಗುವಿಗೆ ಅಂಥ ನೆನಪಿಲ್ಲ. 4 ವರ್ಷದ ಮಗುವಾದರೂ ಅದರ 'ಶ್ರವಣ ವಯಸ್ಸು' ಚಾಲನೆಯ ದಿನದಿಂದಲೇ ಎಣಿಕೆಯಾಗುತ್ತದೆ. ಆರು ತಿಂಗಳ ಶ್ರವಣ ವಯಸ್ಸಿನ ಮಗುವಿನಿಂದ ವಾಕ್ಯಗಳನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಒಂದೇ ಕಿವಿಗೆ ಸಾಧನವಿದ್ದರೆ ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದು ಬಹು ಕಷ್ಟ. ಹಾರ್ನ್ ಕೇಳಿಸಿತೆಂದ ಮಾತ್ರಕ್ಕೆ ಟ್ರ್ಯಾಕ್ಟರ್ ಎಲ್ಲಿದೆಯೆಂದು ತಿಳಿಯಿತೆಂದಲ್ಲ. ಶಾಲೆಯ ಹಾದಿಯಲ್ಲಿ ಇಂಥ ಮಗುವಿಗೆ ಜೊತೆ ಬೇಕು.

ಸಂಗೀತದ ಮಾತು ಬೇರೆ. ಸಾಧನವನ್ನು ಮುಖ್ಯವಾಗಿ ಮಾತಿಗಾಗಿ ರೂಪಿಸಲಾಗಿದೆ. ಲಯದ ಏರಿಳಿತ ವಿದ್ಯುತ್ ಸಂಕೇತಗಳಲ್ಲಿ ಚೆನ್ನಾಗಿ ಉಳಿಯುತ್ತದೆ. ಸ್ವರದ ಸೂಕ್ಷ್ಮ ಉಳಿಯುವುದಿಲ್ಲ, ಏಕೆಂದರೆ ಒಂದು ವಿದ್ಯುದ್ವಾರದ ಪ್ರವಾಹ ನೆರೆಯ ನರತಂತುಗಳಿಗೂ ಹರಡಿಕೊಳ್ಳುತ್ತದೆ. ಹೀಗಾಗಿ ತಮಟೆ, ಡೊಳ್ಳು, ಕೋಲಾಟದ ಹೊಡೆತ ಬೇಗ ಹಿಡಿಸುತ್ತವೆ. ಹತ್ತು ಕಂಠ, ಹಾರ್ಮೋನಿಯಂ, ತಾಳಗಳು ಕೂಡಿದ ಭಜನೆ ಬಹುಕಾಲ ಗದ್ದಲವಾಗಿಯೇ ಉಳಿಯಬಹುದು. ಹಿಂದೆ ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದವರಿಗೆ ಇದು ಮಾತು ಕೇಳಿಸದಿರುವುದಕ್ಕಿಂತಲೂ ದೊಡ್ಡ ನೋವಾದೀತು; ಅದನ್ನು ಹಗುರವಾಗಿ ಕಾಣಬಾರದು. ಒಂದೇ ಕಂಠದ, ಮೊದಲೇ ಬಾಯಿಪಾಠವಿರುವ ಹಾಡನ್ನು ಸಾಹಿತ್ಯ ನೋಡುತ್ತಾ ನಿಶ್ಶಬ್ದ ಕೋಣೆಯಲ್ಲಿ ದಿನವೂ ಸ್ವಲ್ಪ ಹೊತ್ತು ಕೇಳುವುದು ಒಳ್ಳೆಯ ಆರಂಭ. ಅನಂತರ ಒಂದು ವಾದ್ಯ, ಆಮೇಲೆ ಎರಡು. ಎಲ್ಲರಿಗೂ ಹಳೆಯ ಸವಿ ಮರಳುವುದಿಲ್ಲ. ಆದರೂ ತಿಂಗಳುಗಳ ಅಭ್ಯಾಸದಿಂದ ಹಾಡನ್ನು ಮತ್ತೆ ಇಷ್ಟಪಟ್ಟವರಿದ್ದಾರೆ. ಮಗುವಿಗಂತೂ ತಾಯಿಯ ಜೋಗುಳ, ಚಪ್ಪಾಳೆಯ ಪದಗಳೇ ಮೊದಲ ಪಾಠ.

ಪ್ರೊಸೆಸರಿನ ಹೊಂದಾಣಿಕೆಯನ್ನು ಮ್ಯಾಪಿಂಗ್ ಎನ್ನುತ್ತಾರೆ. ಮೊದಲ ವರ್ಷ ಇದಕ್ಕಾಗಿ ಹಲವು ಬಾರಿ ಕೇಂದ್ರಕ್ಕೆ ಹೋಗಬೇಕು. ಕೂಲಿ ಬಿಟ್ಟು ಹೋಗಲಾರದ ಕುಟುಂಬ ಭೇಟಿ ತಪ್ಪಿಸಿದರೆ ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳೊಡನೆ ತಾಯಂದಿರಿಗೂ ತರಬೇತಿಯಿದೆ.

ಗ್ರಾಮಸಭೆಯ ಧ್ವನಿವರ್ಧಕ ಇಂಥವರಿಗೆ ನೆರವಾಗುತ್ತದೆಂಬ ಭಾವನೆ ಸರಿಯಲ್ಲ. ಪ್ರತಿಧ್ವನಿಯಿಂದ ಮಾತು ಇನ್ನಷ್ಟು ಕಲಸಿಹೋಗುತ್ತದೆ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಮುಖ ಕಾಣುವಂತೆ, ಒಬ್ಬೊಬ್ಬರಾಗಿ, ಕೂಗದೆ ಮಾತನಾಡತಕ್ಕದ್ದು. ದಣಿದು ಪ್ರೊಸೆಸರ್ ತೆಗೆದಿಟ್ಟರೆ ಅದನ್ನು ಅಗೌರವವೆಂದು ಭಾವಿಸಬಾರದು.

ತಮ್ಮ ವ್ಯಾಪ್ತಿಯಲ್ಲಿ ಇಂಪ್ಲಾಂಟ್ ಪಡೆದವರು ಎಷ್ಟು ಮಂದಿ, ಅವರಲ್ಲಿ ಎಷ್ಟು ಜನ ನಿತ್ಯ ಸಾಧನ ಧರಿಸುತ್ತಿದ್ದಾರೆ, ಕೇಬಲ್ ಅಥವಾ ಬ್ಯಾಟರಿ ಕೆಟ್ಟು ಯಾರದು ಮೂಲೆಗೆ ಬಿದ್ದಿದೆ ಎಂಬುದನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ತಿಳಿದುಕೊಳ್ಳಬಹುದು. ಮ್ಯಾಪಿಂಗ್ ಪ್ರಯಾಣ ಹಾಗೂ ಬಿಡಿಭಾಗಗಳ ವೆಚ್ಚವನ್ನು, ವಿಕಲಚೇತನರಿಗಾಗಿ ಕಾಯ್ದಿರಿಸುವ ಶೇಕಡ 5ರ ಅನುದಾನದ ಕ್ರಿಯಾಯೋಜನೆ ಸಿದ್ಧಪಡಿಸುವ ಸಭೆಯಲ್ಲಿ ಪರಿಶೀಲನೆಗೆ ಮಂಡಿಸಲು ಕೋರಿದೆ.