ಗಂಟಿಲ್ಲದ ಸ್ತನ ಕ್ಯಾನ್ಸರ್

ವೈದ್ಯಕೀಯ ನೆರವಿನ ಅರ್ಜಿ ಬಂದಾಗ ಸದಸ್ಯರು ಮೊದಲು ಕೇಳುವುದು, "ಆಪರೇಷನ್ ಯಾವಾಗ?" ಎಂದು. ಉರಿಯೂತದ ಸ್ತನ ಕ್ಯಾನ್ಸರಿನಲ್ಲಿ ಅದಕ್ಕಾಗಿ ಕಾದರೆ ನಮ್ಮ ಹಣ ತಡವಾಗಿ ತಲುಪುತ್ತದೆ.

ಇದು ವಿರಳ, ಸ್ತನ ಕ್ಯಾನ್ಸರುಗಳಲ್ಲಿ ಶೇಕಡಾ 1ರಿಂದ 5. ಅನೇಕ ವೇಳೆ ಗಂಟೇ ಇರುವುದಿಲ್ಲ. ಕ್ಯಾನ್ಸರ್ ಕೋಶಗಳು ಚರ್ಮದ ದುಗ್ಧರಸ ನಾಳಗಳನ್ನು ಕಟ್ಟಿಬಿಡುವುದರಿಂದ ಕೆಲವೇ ವಾರಗಳಲ್ಲಿ ಸ್ತನ ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ಬಿಸಿ, ಚರ್ಮ ಕಿತ್ತಳೆ ಸಿಪ್ಪೆಯಂತೆ. ನೋಡಲು ಸೋಂಕಿನ ಹಾಗೆಯೇ. ಆಂಟಿಬಯಾಟಿಕ್ ತೆಗೆದುಕೊಂಡು ವಾರ, ಹತ್ತು ದಿನದಲ್ಲಿ ಇಳಿಯದಿದ್ದರೆ ಬಯಾಪ್ಸಿ ಆಗಲೇಬೇಕು. ಮ್ಯಾಮೊಗ್ರಾಮಿನಲ್ಲಿ ಗಂಟು ಕಾಣಲಿಲ್ಲವೆಂದು ಸುಮ್ಮನಿರುವಂತಿಲ್ಲ. ಸಂಕೋಚದಿಂದ ಅರಿಸಿನ ಹಚ್ಚಿಕೊಂಡು ಕಳೆಯುವ ದಿನಗಳು ಬಹಳ ದುಬಾರಿ.

ಚಿಕಿತ್ಸೆ ಆರಂಭವಾಗುವುದು ಕೀಮೋದಿಂದ, ತಿಂಗಳುಗಟ್ಟಲೆ. ಆಮೇಲೆ ಶಸ್ತ್ರಕ್ರಿಯೆ, ನಂತರ ವಿಕಿರಣ. ಎಚ್‌ಇಆರ್‌2 ಪಾಸಿಟಿವ್ ಆದರೆ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಸುಮಾರು ಒಂದು ವರ್ಷ. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೈ ಊದಬಹುದು. ಅದಕ್ಕೆ ವ್ಯಾಯಾಮ, ಬಿಗಿ ತೋಳುಪಟ್ಟಿ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಇದು ಒಮ್ಮೆಲೇ ಕಟ್ಟುವ ಮೊತ್ತವಲ್ಲ, ಕಂತು.

ಮಾಜಿವಾಡಾದಿಂದ ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆ ಕೀಮೋ ಆದ ದೇಹ ಹೊತ್ತು ಲೋಕಲ್ ಹತ್ತುವುದು ಸುಲಭವಲ್ಲ. ಜೊತೆಗೆ ಹೋದವರ ಆ ದಿನದ ಕೂಲಿಯೂ ಹೋಯಿತು. ಸರ್ಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಯೋಜನೆಗೆ ರೇಷನ್ ಕಾರ್ಡು, ಆಧಾರ್ ಮೊದಲೇ ಸರಿಪಡಿಸಿಕೊಳ್ಳಿ. ಟ್ಯಾಕ್ಸಿಗೆ, ಊಟಕ್ಕೆ ರಸೀದಿ ಸಿಗುವುದಿಲ್ಲ. ದಾನಿಗಳು ಮೊದಲ ಕೀಮೋಗೆ ಮುಂಚೆಯೇ ಒಂದು ಪಾಲು ಕೊಟ್ಟು, ಉಳಿದದ್ದನ್ನು ತಿಂಗಳಿಗಿಷ್ಟು ಎಂದು ಬರೆದುಕೊಡಬೇಕಾಗಿ ವಿನಂತಿ.